ಸೂಪರ್‌ಬರ್ಡ್‌ನಲ್ಲಿ ಅಪ್ಪ ಕಂಡ ಗೆರೆ

ಅಮ್ಮನ ಕಣ್ಣು ಮೊದಲು ಹೋಗಿದ್ದು ಆ ರೆಕ್ಕೆಯ ಮೇಲೆ. "ಇದೇನೇ ಇದು, ಬಟ್ಟೆ ಒಣಹಾಕೋಕಾ?" ಅಂದಳು. ಕಾರಿನ ಹಿಂಭಾಗದಲ್ಲಿ ಎರಡು ಕಂಬ, ಅದರ ಮೇಲೆ ಅಡ್ಡಕ್ಕೆ ಒಂದು ಹಲಗೆ. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಸನದ ನಮ್ಮ ಮನೆ ಹಿತ್ತಲಲ್ಲಿ ಹೆಚ್ಚುಕಮ್ಮಿ ಹೀಗೇ ಒಂದಿತ್ತು.

ನಾವು ನಿಂತಿದ್ದು ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ. ಪ್ರತಿವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ಅಲ್ಲಿ ಹಳೇ ಕಾರುಗಳ ಜಾತ್ರೆ. ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತಾರೆ. 1995ರಲ್ಲಿ ಫರ್ನ್‌ಡೇಲ್ ಅನ್ನೋ ಊರಿನವರು ಮಕ್ಕಳಿಗೆ ಫುಟ್‌ಬಾಲ್ ಮೈದಾನ ಮಾಡೋಕೆ ದುಡ್ಡು ಕೂಡಿಸಲು ಶುರು ಮಾಡಿದ ಕಾರ್ಯಕ್ರಮ. ಈಗ ಜನ ಬೆಳಿಗ್ಗೆಯೇ ಫುಟ್‌ಪಾತ್ ಮೇಲೆ ಮಡಚೋ ಕುರ್ಚಿ ಹಾಕಿ ಜಾಗ ಹಿಡಿಯುತ್ತಾರೆ. ತೇರು ನೋಡೋಕೆ ಕೂತ ಹಾಗೆ. ತೇರುಗಳೇನೋ ಸಾಲಾಗಿ ಬರುತ್ತವೆ, ಹೊಗೆ ಬಿಟ್ಟುಕೊಂಡು.

ನಾನು ಇಲ್ಲಿನ ಕಾರು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋ ಒಂದು ಕಡೆ ಕೆಲಸ ಮಾಡುತ್ತೇನೆ. ಓಡುವ ಕಾರಿನ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು ನನ್ನ ಕೆಲಸ. ಈ ಕಸುಬಿನಲ್ಲಿರುವವರಿಗೆ 1970ರ ಪ್ಲಿಮತ್ ಸೂಪರ್‌ಬರ್ಡ್ ಅಂದರೆ ಒಂಥರಾ ಕುಲದೇವರು. ಫೋಟೋದಲ್ಲಿ ನೂರು ಸಲ ನೋಡಿದ್ದೆ. ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋಗಿದ್ದೆ. ಒಂದು ಪೆಟ್ರೋಲ್ ಬಂಕಿನ ಪಕ್ಕ, ಮರದ ನೆರಳಲ್ಲಿ, ಸಾಕ್ಷಾತ್ ಸೂಪರ್‌ಬರ್ಡ್ ನಿಂತಿತ್ತು. ಕಿತ್ತಳೆ ಬಣ್ಣ. ಆ ಬಣ್ಣಕ್ಕೆ ಕಂಪನಿ ಇಟ್ಟ ಹೆಸರು 'ವಿಟಮಿನ್ ಸಿ'. ಸುಮ್ನೆ ತಮಾಷೆಗೆ ಹೇಳ್ತಿಲ್ಲ, ನಿಜವಾಗಲೂ ಅದೇ ಹೆಸರು.

ಅಪ್ಪ ರೆಕ್ಕೆ ನೋಡಲಿಲ್ಲ. ಬಾನೆಟ್ ನೋಡಲಿಲ್ಲ. ಮೂಗಂತೂ ಅವರ ಲೆಕ್ಕಕ್ಕೇ ಇಲ್ಲ. ಸೀದಾ ಹಿಂದಿನ ಗಾಜಿನ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ, ಬಗ್ಗಿ ನಿಂತರು. ಅಪ್ಪ ಹಾಸನದ ಬಿ.ಎಂ. ರೋಡಿನಲ್ಲಿ ಮೂವತ್ತೈದು ವರ್ಷ ಟಿಂಕರಿಂಗ್ ಮಾಡಿದವರು. ನುಗ್ಗಾದ ಡೋರು, ಮಡಚಿಹೋದ ಮಡ್‌ಗಾರ್ಡು, ಇದೇ ಅವರ ಪ್ರಪಂಚ. ನನ್ನನ್ನು ಮನೆಯಲ್ಲಿ ಕರೆಯೋದು ಪುಟ್ಟಿ ಅಂತ. ಚಿಕ್ಕವಳಿದ್ದಾಗ ಗ್ಯಾರೇಜಿಗೆ ಹೋದರೆ, ಅಪ್ಪ "ಪುಟ್ಟಿ ತಗೊಂಡ್ ಬಾರೋ" ಅಂತ ಕೂಗಿದಾಗಲೆಲ್ಲ ಹುಡುಗರು ನನ್ನ ಕಡೆ ನೋಡಿ ನಗುತ್ತಿದ್ದರು. ಡಬ್ಬಿಯಲ್ಲಿರೋ ಪುಟ್ಟಿ ಯಾವುದು, ಬೆಂಚಿನ ಮೇಲೆ ಕೂತಿರೋ ಪುಟ್ಟಿ ಯಾವುದು ಅಂತ.

ಅಪ್ಪ ಬಗ್ಗಿ ನೋಡುತ್ತಿರಲಿ. ಈ ಕಾರು ಯಾಕೆ ಹೀಗಿದೆ ಅಂತ ಅಷ್ಟರಲ್ಲಿ ಹೇಳಿಬಿಡುತ್ತೇನೆ.

ಕಥೆ ಶುರುವಾಗೋದು ಇನ್ನೊಂದು ಕಾರಿನಿಂದ. 1968ರ ಡಾಡ್ಜ್ ಚಾರ್ಜರ್. ನೋಡೋಕೆ ಬಲು ಚೆಂದ. ಮುಂದಿನ ಗ್ರಿಲ್ ಗುಹೆಯ ಹಾಗೆ ಒಳಕ್ಕೆ ಹೋಗಿದೆ. ಹಿಂದಿನ ಗಾಜು ಎರಡು ಇಳಿಜಾರುಗಳ ಮಧ್ಯೆ ತಗ್ಗಿನಲ್ಲಿ ಕೂತಿದೆ. ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು. ನಾಸ್ಕಾರ್ ಅನ್ನೋ ಅಮೆರಿಕದ ಕಾರ್ ರೇಸಿನ ದೊಡ್ಡ ಟ್ರ್ಯಾಕಿಗೆ ಇಳಿಸಿದಾಗ ಮಾತ್ರ ಎಡವಟ್ಟಾಯಿತು. ಮುಂದಿನ ಗುಹೆ ಗೋಣಿಚೀಲದ ಬಾಯಿ ಬಿಡಿಸಿ ಹಿಡಿದ ಹಾಗೆ ಗಾಳಿ ತುಂಬಿಕೊಳ್ಳುತ್ತಿತ್ತು. ಹಿಂದಿನ ತಗ್ಗಿನಲ್ಲಿ ಗಾಳಿ ಸುಳಿ ಸುತ್ತಿ ಕಾರಿನ ಬಾಲವನ್ನು ಮೇಲಕ್ಕೆ ಎತ್ತುತ್ತಿತ್ತು.

ಆಷಾಢದ ಗಾಳಿಗೆ ನಮ್ಮ ಕಡೆ ಶೀಟಿನ ಮನೆಗಳ ಮಾಡು ಹಾರೋದು ನೋಡಿದ್ದೀರಲ್ವಾ? ಗಾಳಿ ಶೀಟನ್ನು ಕೆಳಗಿನಿಂದ ದೂಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ನಿಜ. ಮೇಲೆ ಜೋರಾಗಿ ಓಡುವ ಗಾಳಿ ಶೀಟನ್ನು ತನ್ನ ಕಡೆ ಹೀರಿಕೊಳ್ಳುತ್ತದೆ. ಗಂಟೆಗೆ ಮುನ್ನೂರು ಕಿಲೋಮೀಟರ್ ಹತ್ತಿರ ಹೋಗುವ ಕಾರಿನ ಮೇಲೆ ಬೀಸೋದು ಆಷಾಢದ ಗಾಳಿಗಿಂತ ಎಷ್ಟೋ ಪಟ್ಟು ಜೋರು. ಹಿಂದಿನ ಚಕ್ರ ನೆಲದ ಮೇಲೆ ಗಟ್ಟಿಯಾಗಿ ಕೂರದಿದ್ದರೆ ಡ್ರೈವರ್ ಕೈಯಲ್ಲಿರೋ ಸ್ಟೇರಿಂಗ್ ಬರೀ ಅಲಂಕಾರ.

ನಮ್ಮವರು ಶೀಟಿನ ಮೇಲೆ ಕಲ್ಲು ಹೇರುತ್ತಾರೆ. ರೇಸ್ ಕಾರಿನ ಮೇಲೆ ಕಲ್ಲು ಹೇರಿದರೆ ಅದು ಓಡೋದಿಲ್ಲ. ಹಾಗಾಗಿ ಬೇಕಿದ್ದು ಗಾಳಿ ಬೀಸಿದಾಗ ಮಾತ್ರ ಭಾರವಾಗೋ ಕಲ್ಲು. ಆ ಕಲ್ಲೇ ಈ ರೆಕ್ಕೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಇಟ್ಟ ಹಾಗೆ. ನಿಂತಾಗ ಅದರ ತೂಕ ಏನೂ ಅಲ್ಲ, ಅಲ್ಯೂಮಿನಿಯಮ್. ವೇಗ ಏರಿದ ಹಾಗೆ ಕಾರಿನ ಹಿಂಭಾಗವನ್ನು ನೆಲಕ್ಕೆ ಅಮುಕುತ್ತದೆ. ಪಕ್ಕದ ಆ ಎರಡು ಕಂಬಗಳೂ ಸುಮ್ಮನೆ ನಿಂತಿಲ್ಲ. ಮೀನಿನ ಬೆನ್ನಿನ ಈಜುರೆಕ್ಕೆ ಇದ್ದ ಹಾಗೆ, ಬಾಲ ಅತ್ತಿತ್ತ ಹೊಯ್ದಾಡದಂತೆ ಹಿಡಿಯುತ್ತವೆ.

ಅಲ್ಲಿಗೆ ಒಂದೇ ನೆಗೆತಕ್ಕೆ ಬರಲಿಲ್ಲ. ಮೊದಲು ಚಾರ್ಜರ್ 500 ಅಂತ ಒಂದು ಮಾಡಿದರು. ಗ್ರಿಲ್ ಮುಂದಕ್ಕೆ ತಂದರು, ಹಿಂದಿನ ತಗ್ಗು ಮುಚ್ಚಿ ಗಾಜನ್ನು ಮಟ್ಟಸ ಮಾಡಿದರು. ಅಷ್ಟರಲ್ಲಿ ಫೋರ್ಡ್‌ನವರು ಟೊರಿನೋ ಟಲ್ಲಡೀಗಾ, ಮರ್ಕ್ಯುರಿ ಸೈಕ್ಲೋನ್ ಸ್ಪಾಯ್ಲರ್ ಅಂತ ಉದ್ದ ಮೂತಿಯ ಕಾರುಗಳನ್ನು ಇಳಿಸಿದರು. ಆಗ ಡಾಡ್ಜ್, ಪ್ಲಿಮತ್ ಎರಡಕ್ಕೂ ಒಡೆಯರಾದ ಕ್ರೈಸ್ಲರ್ ಕಂಪನಿಯ ಇಂಜಿನಿಯರುಗಳು ನಾಚಿಕೆ ಬಿಟ್ಟರು. ಹದಿನೆಂಟು ಇಂಚಿನ ಚೂಪು ಮೂಗು, ಇಪ್ಪತ್ಮೂರು ಇಂಚು ಎತ್ತರದ ರೆಕ್ಕೆ. ಅದೇ 1969ರ ಡಾಡ್ಜ್ ಚಾರ್ಜರ್ ಡೇಟೋನಾ. ಸೂಪರ್‌ಬರ್ಡ್‌ಗೆ ಅಣ್ಣ.

ರೆಕ್ಕೆ ಅಷ್ಟು ಎತ್ತರ ಯಾಕೆ? ಎರಡು ಉತ್ತರ ಚಾಲ್ತಿಯಲ್ಲಿವೆ. ಒಂದು, ಟಾಪ್ ದಾಟಿ ಬರುವ ಕೆಟ್ಟ ಗಾಳಿಯಿಂದ ಮೇಲೆ, ನೀಟಾದ ಗಾಳಿ ಸಿಗೋ ಕಡೆ ಇರಲಿ ಅಂತ. ಇನ್ನೊಂದು, ಅದರ ಕೆಳಗೆ ಡಿಕ್ಕಿ ಬಾಗಿಲು ತೆರೆಯೋಕೆ ಜಾಗ ಬೇಕಲ್ಲ ಅಂತ. ನನ್ನ ಕಸುಬಿಗೆ ಮೊದಲನೇದು ಮರ್ಯಾದೆ ತರುತ್ತದೆ. ನನಗೆ ಇಷ್ಟ ಆಗೋದು ಎರಡನೇದು. ಡಿಕ್ಕಿಯೇ ತೆರೆಯದ ಕಾರನ್ನು ಜನರಿಗೆ ಮಾರೋದು ಹೇಗೆ?

ಮಾರಲೇಬೇಕಿತ್ತು. ಇಡೀ ಕಥೆಯ ಗಂಟು ಇರೋದು ಇಲ್ಲೇ. ನಾಸ್ಕಾರ್ ಅಂದರೆ ಸ್ಟಾಕ್ ಕಾರ್ ರೇಸ್. ಅಂಗಡಿಯಲ್ಲಿ ಸಿಗೋ ಕಾರೇ ಟ್ರ್ಯಾಕಿನಲ್ಲೂ ಓಡಬೇಕು ಅನ್ನೋದು ಆಗಿನ ನಿಯಮ. ರೇಸಿಗೆ ಅಂತ ಏನಾದರೂ ವಿಚಿತ್ರ ಮಾಡಿದರೆ ಅದನ್ನು ಸಾಮಾನ್ಯ ಜನಕ್ಕೂ ಮಾರಿ ತೋರಿಸಬೇಕು. ಇದಕ್ಕೆ ಹೋಮೊಲೊಗೇಶನ್ ಅಂತ ಬಾಯಿ ತುಂಬೋ ಹೆಸರು. 1969ರಲ್ಲಿ ಐನೂರು ಕಾರು ಮಾಡಿದರೆ ಸಾಕಿತ್ತು. ಡಾಡ್ಜ್ ಮಾಡಿದ್ದು 503. ಐನೂರಕ್ಕೆ ಮೂರು ಜಾಸ್ತಿ, ಅಷ್ಟೇ! ಪ್ರೀತಿಯಿಂದ ಮಾಡಿದವರು ಹೀಗೆ ಎಣಿಸೋದಿಲ್ಲ.

ಮುಂದಿನ ವರ್ಷಕ್ಕೆ ನಾಸ್ಕಾರ್ ಲೆಕ್ಕ ಬದಲಿಸಿತು. ಇಬ್ಬರು ಡೀಲರ್‌ಗಳಿಗೆ ಒಂದರಂತೆ ಕಾರು ಮಾಡಬೇಕು. ಪ್ಲಿಮತ್ ಡೀಲರ್‌ಗಳ ಸಂಖ್ಯೆ ಜಾಸ್ತಿ. ಹಾಗಾಗಿ ಸೂಪರ್‌ಬರ್ಡ್‌ಗಳು 1,900ಕ್ಕೂ ಸ್ವಲ್ಪ ಹೆಚ್ಚು ಆದವು. ನಮ್ಮಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಒಂದು ಮಾತಿದೆ. ರಸ್ತೆಗೆ ಬಂದ ಈ ಕಾರುಗಳದ್ದು ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸೂಪರ್‌ಬರ್ಡ್ ಹುಟ್ಟಿದ್ದು ಒಬ್ಬ ಮನುಷ್ಯನನ್ನು ವಾಪಸ್ ಕರೆಸಿಕೊಳ್ಳೋಕೆ. ರಿಚರ್ಡ್ ಪೆಟ್ಟಿ. 1967ರಲ್ಲಿ ಒಂದೇ ವರ್ಷ 27 ರೇಸ್ ಗೆದ್ದವನು, ಅದರಲ್ಲೂ ಹತ್ತು ಬೆನ್ನುಬೆನ್ನಿಗೆ. ಪ್ಲಿಮತ್‌ನ ಮನೆಮಗ. ಡಾಡ್ಜ್‌ನವರ ಹತ್ತಿರ ಗಾಳಿ ಸೀಳೋ ಕಾರಿದೆ, ತನಗಿಲ್ಲ ಅಂತ ಬೇಸರವಾಗಿ 1969ಕ್ಕೆ ಫೋರ್ಡ್ ಸೇರಿಕೊಂಡ. ಮನೆಮಗ ಎದುರು ಮನೆಗೆ ಹೋದ ಹಾಗೆ. ಆಮೇಲೆ ಪ್ಲಿಮತ್‌ನವರು ಎದ್ದು ಕೂತು, ತಮ್ಮ ರೋಡ್ ರನ್ನರ್ ಕಾರಿಗೆ ಮೂಗು, ರೆಕ್ಕೆ ಅಂಟಿಸಿ ಸೂಪರ್‌ಬರ್ಡ್ ಮಾಡಿದರು. ಪೆಟ್ಟಿ ವಾಪಸ್ ಬಂದ. ಮಕ್ಕಳ ಒಂದು ಕಾರ್ಟೂನ್ ಸಿನಿಮಾದಲ್ಲಿ 43 ನಂಬರಿನ ನೀಲಿ ರೆಕ್ಕೆಯ ಅಜ್ಜ ಕಾರೊಂದು ಬರುತ್ತದಲ್ಲ, ಅದು ಇದೇ. ಅದಕ್ಕೆ ದನಿ ಕೊಟ್ಟಿದ್ದೂ ಪೆಟ್ಟಿಯೇ.

ಡೇಟೋನಾ ಕಾರಿನ ಮೊದಲ ರೇಸ್ ನಡೆದದ್ದು 1969ರ ಸೆಪ್ಟೆಂಬರ್ 14ಕ್ಕೆ, ಅಲಬಾಮಾದ ಟಲ್ಲಡೀಗಾದಲ್ಲಿ. ಟ್ರ್ಯಾಕೂ ಹೊಸದು, ಕಾರೂ ಹೊಸದು. ಒಂದು ಸುತ್ತು 2.66 ಮೈಲಿ, ತಿರುವುಗಳಲ್ಲಿ 33 ಡಿಗ್ರಿ ಓರೆ. ಮನುಷ್ಯರು ನಡೆದು ಹತ್ತೋಕೇ ಒದ್ದಾಡಬೇಕು. ಪ್ರಾಕ್ಟೀಸಿನಲ್ಲಿ ವೇಗ ಗಂಟೆಗೆ ಇನ್ನೂರು ಮೈಲಿ ಹತ್ತಿರ ಬಂತು. ಟೈರುಗಳು ಚಿಂದಿಯಾಗತೊಡಗಿದವು. ಕಾರು ರೆಡಿ, ಟೈರು ರೆಡಿ ಇಲ್ಲ. ಡ್ರೈವರುಗಳ ಸಂಘಕ್ಕೆ ಪೆಟ್ಟಿಯೇ ಅಧ್ಯಕ್ಷ. ಇದರಲ್ಲಿ ಓಡಿಸಿದರೆ ಸಾಯ್ತೀವಿ ಅಂತ ದೊಡ್ಡ ಹೆಸರಿನವರೆಲ್ಲ ಹೆಚ್ಚುಕಮ್ಮಿ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. ನಾಸ್ಕಾರ್ ಮಾಲೀಕ ಬಿಲ್ ಫ್ರಾನ್ಸ್ ಉಳಿದವರನ್ನು ಕೂಡಿಸಿಕೊಂಡು ರೇಸ್ ನಡೆಸಿಯೇಬಿಟ್ಟ. ಗೆದ್ದದ್ದು ರಿಚರ್ಡ್ ಬ್ರಿಕ್‌ಹೌಸ್, ಡೇಟೋನಾ ಕಾರಿನಲ್ಲಿ. ಆತ ಆ ದರ್ಜೆಯ ರೇಸಿನಲ್ಲಿ ಗೆದ್ದದ್ದು ಅದೊಂದೇ. ನನಗೆ ಯಾವಾಗಲೂ ಅನ್ನಿಸೋದು, ಎಂಥ ಹೊಟ್ಟೆ ಉರಿಸೋ ಗೆಲುವಿದು! ಗೆದ್ದೆ ಅಂತ ಹೇಳಿದ ಕೂಡಲೇ ಎದುರಿನವರು "ಯಾರ್ಯಾರು ಇರಲಿಲ್ಲ?" ಅಂತ ಕೇಳುತ್ತಾರೆ.

ಆಮೇಲೆ ತಡೆಯೋರಿರಲಿಲ್ಲ. 1970ರ ಡೇಟೋನಾ 500 (ಇದು ಕಾರಲ್ಲ, ರೇಸಿನ ಹೆಸರು) ರೇಸನ್ನು ಪೆಟ್ಟಿ ತಂಡದ ಸೂಪರ್‌ಬರ್ಡ್‌ನಲ್ಲಿ ಪೀಟ್ ಹ್ಯಾಮಿಲ್ಟನ್ ಗೆದ್ದ. ಮಾರ್ಚ್ 24ಕ್ಕೆ ಟಲ್ಲಡೀಗಾದಲ್ಲಿ ಬಡ್ಡಿ ಬೇಕರ್ ಒಂದು ಡೇಟೋನಾ ಕಾರಿನಲ್ಲಿ ಕೂತು ಗಂಟೆಗೆ 200.447 ಮೈಲಿ ವೇಗದಲ್ಲಿ ಸುತ್ತು ಹಾಕಿದ. ನಮ್ಮ ಲೆಕ್ಕದಲ್ಲಿ 322 ಕಿಲೋಮೀಟರ್‌ಗೂ ಜಾಸ್ತಿ. ಸುತ್ತು ಹಾಕೋ ಟ್ರ್ಯಾಕಿನಲ್ಲಿ ಸ್ಟಾಕ್ ಕಾರೊಂದು ಇನ್ನೂರು ದಾಟಿದ್ದು ಅದೇ ಮೊದಲು. ಆ ವರ್ಷದ ಚಾಂಪಿಯನ್ ಬಾಬಿ ಐಸಾಕ್, ಅವನದೂ ಡೇಟೋನಾ. ಒಳಗಿದ್ದ ಇಂಜಿನ್ನಿನ ಹೆಸರು ಹೆಮಿ, 426 ಕ್ಯೂಬಿಕ್ ಇಂಚು, ಅಂದರೆ ಏಳು ಲೀಟರ್. ನಮ್ಮ ಮಾರುತಿ 800ರ ಇಂಜಿನ್ ಹೆಚ್ಚುಕಮ್ಮಿ ಒಂಬತ್ತು ಸಲ ಅದರಲ್ಲಿ ಹಿಡಿಸುತ್ತದೆ.

ಇಷ್ಟೆಲ್ಲ ನಾನು ಅಪ್ಪನಿಗೆ ಕನ್ನಡದಲ್ಲಿ ಒದರುತ್ತಿದ್ದೆ. ಅವರು "ಹೂಂ, ಹೂಂ" ಅನ್ನುತ್ತಿದ್ದರು. ಟಿವಿ ನೋಡುವಾಗ ಅಮ್ಮನಿಗೆ ಹೇಳೋ ಹೂಂ. ಆಮೇಲೆ ತಲೆ ಎತ್ತದೆ ಕೇಳಿದರು, "ಪುಟ್ಟಿ, ಇದರ ಟಾಪ್ ಮೇಲೆ ಯಾಕೆ ರೆಕ್ಸಿನ್ ಹೊದಿಸಿದ್ದಾರೆ?"

ಸೂಪರ್‌ಬರ್ಡ್‌ಗಳಿಗೆಲ್ಲ ಕಪ್ಪು ವಿನೈಲ್ ಟಾಪ್. ಯಾವ ಬಣ್ಣದ ಕಾರಿಗಾದರೂ ಟಾಪ್ ಕಪ್ಪೇ. ಆಗಿನ ಫ್ಯಾಶನ್ ಅಂತ ಯಾರಾದರೂ ಅಂದುಕೊಳ್ಳಬಹುದು. ಅಪ್ಪ ಅಂದುಕೊಳ್ಳಲಿಲ್ಲ. ಕಾರಿನ ಯಜಮಾನರು ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಎಪ್ಪತ್ತೈದರ ಮೇಲಿನ ಬಿಳಿ ಗಡ್ಡದ ಅಜ್ಜ. ಮುಟ್ಟಬಹುದಾ ಅಂತ ಅಪ್ಪ ಕೈಸನ್ನೆ ಮಾಡಿದರು. ಇಂಥ ಕಾರಿನ ಹತ್ತಿರ ಉಸಿರು ಬಿಟ್ಟರೂ ಕೆಲವರಿಗೆ ಸಿಟ್ಟು ಬರುತ್ತದೆ. ಅಜ್ಜ ಅಪ್ಪನ ಕೈ ನೋಡಿದರು. ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆ ಏಟಿಗೆ ಎರಡು ಸೀಳಾಗಿ ಹಾಗೇ ಬೆಳೆದಿದೆ. ಏನು ಅರ್ಥವಾಯಿತೋ, ತಲೆಯಾಡಿಸಿದರು.

ಅಪ್ಪ ಮಧ್ಯದ ಮೂರು ಬೆರಳು ಜೋಡಿಸಿ, ಹಿಂದಿನ ಗಾಜಿನ ಅಂಚಿನಿಂದ ಮೇಲಕ್ಕೆ, ನಿಧಾನಕ್ಕೆ ಸವರಿದರು. ಒಂದು ಕಡೆ ಬೆರಳು ನಿಂತಿತು. ಹಿಂದೆ ಬಂತು. ಮತ್ತೆ ಹೋಯಿತು. ನನ್ನ ಕೈ ಹಿಡಿದು ಅಲ್ಲಿಟ್ಟರು. ನನಗೆ ಏನೂ ಗೊತ್ತಾಗಲಿಲ್ಲ. "ಕಣ್ಣು ಮುಚ್ಚು" ಅಂದರು. ಮುಚ್ಚಿದೆ. ಬಿಸಿಲಿಗೆ ಬೆಚ್ಚಗಾದ ರೆಕ್ಸಿನ್. ಅದರಡಿ, ಕೂದಲೆಳೆಯಷ್ಟು, ಒಂದು ಉಬ್ಬು. ಎಲೆಯ ನರದ ಹಾಗೆ.

"ಇಲ್ಲಿ ತಗಡು ಸೇರಿಸಿದ್ದಾರೆ. ಗ್ರೈಂಡ್ ಮಾಡಿ, ಪುಟ್ಟಿ ಎಳೆದು, ಉಜ್ಜಿ ಮುಗಿಸೋಕೆ ಟೈಮಿಲ್ಲ. ರೆಕ್ಸಿನ್ ಹೊದಿಸಿ ಕಳಿಸಿದ್ದಾರೆ. ಇದು ಅರ್ಜೆಂಟ್ ಕೆಲಸ ಕಣಮ್ಮ."

ನನಗೆ ನಗು ಬಂತು. ಯಾಕೆಂದರೆ ಅದು ಸತ್ಯ. ರೋಡ್ ರನ್ನರ್‌ನ ಹಿಂದಿನ ಗಾಜಿನ ಸುತ್ತ ಗಾಳಿ ಸರಿಯಾಗಿ ಹರಿಯಲಿ ಅಂತ ಬೇರೆ ತಗಡು ಬೆಸೆದು ಗಾಜಿನ ಆಕಾರ ಬದಲಿಸಿದ್ದರು. ಆ ಬೆಸುಗೆಯ ಗೆರೆಯನ್ನು ಕೈಯಲ್ಲಿ ಉಜ್ಜಿ ನಯ ಮಾಡುತ್ತಾ ಕೂತರೆ ಗಡುವಿಗೆ ಮುಗಿಯುತ್ತಿರಲಿಲ್ಲ. 1969ರ ಕೊನೆಯ ತಿಂಗಳುಗಳಲ್ಲಿ, ಡೆಟ್ರಾಯಿಟ್‌ನ ಲಿಂಚ್ ರೋಡ್ ಕಾರ್ಖಾನೆಯಲ್ಲಿ ಕಾರು ಮಾಡಿ, ಗಡಿಬಿಡಿಯಲ್ಲಿ ಮೂಗು ರೆಕ್ಕೆ ಜೋಡಿಸಿ ಲೆಕ್ಕ ತುಂಬಿಸಿದರು. ವಿನೈಲ್ ಹೊದಿಸಿದರೆ ಗೆರೆ ಕಾಣದು. ಇದನ್ನು ನಾನು ಓದಿ ತಿಳಿದಿದ್ದೆ. ಅಪ್ಪನ ಬೆರಳು ಎರಡು ನಿಮಿಷದಲ್ಲಿ ಓದಿತು.

ಇನ್ನೊಂದು ಗುಟ್ಟು ಹೇಳಿದೆ. ರೋಡ್ ರನ್ನರ್‌ನ ಬಾನೆಟ್ಟು, ಮುಂದಿನ ಮಡ್‌ಗಾರ್ಡು ಆ ಮೂಗಿಗೆ ಹೊಂದಲಿಲ್ಲ. ಹಾಗಾಗಿ ಡಾಡ್ಜ್ ಕಾರೊನೆಟ್ ಅನ್ನೋ ಬೇರೆ ಕಾರಿನದನ್ನು ತಂದು ತಿದ್ದಿ ಹಾಕಿದ್ದಾರೆ. ಅಪ್ಪನ ಮುಖ ಅರಳಿತು. "ಅಣ್ಣನ ಅಂಗಿ ತಮ್ಮನಿಗೆ!" ಬಿ.ಎಂ. ರೋಡಿನಲ್ಲಿ ಅವರು ಜೀವನಪೂರ್ತಿ ಮಾಡಿದ್ದು ಇದನ್ನೇ ತಾನೇ?

ಜನಕ್ಕೆ ಈ ಕಾರು ಹಿಡಿಸಲಿಲ್ಲ. ಬೆಲೆ 4,298 ಡಾಲರಿನಿಂದ ಶುರು, ಆ ಕಾಲಕ್ಕೆ ಕಮ್ಮಿಯೇನಲ್ಲ. ಉದ್ದ ಹದಿನೆಂಟು ಅಡಿಗೂ ಜಾಸ್ತಿ, ಮನೆ ಗ್ಯಾರೇಜಿಗೆ ಹಿಡಿಸದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅಂಗಡಿಗೆ ಹೋಗೋಕೆ ಬಟ್ಟೆ ಒಣಹಾಕೋ ಕಂಬ ಯಾರಿಗೆ ಬೇಕು? ಎಷ್ಟೋ ಕಾರು ಡೀಲರ್ ಅಂಗಳದಲ್ಲಿ ವರ್ಷ ದಾಟಿ ಧೂಳು ತಿಂದವು. ಕೆಲವರು ಬೇಸತ್ತು ಮೂಗು, ರೆಕ್ಕೆ ಕಿತ್ತುಹಾಕಿ ಸಾದಾ ರೋಡ್ ರನ್ನರ್ ಮಾಡಿ ಮಾರಿದರು.

ರೇಸಿನಲ್ಲೂ ಆಯಸ್ಸು ಮುಗಿಯಿತು. 1971ಕ್ಕೆ ನಾಸ್ಕಾರ್ ಹೊಸ ನಿಯಮ ತಂದಿತು. ರೆಕ್ಕೆ ಬೇಕಾದರೆ ಇಟ್ಟುಕೊಳ್ಳಿ, ಇಂಜಿನ್ ಮಾತ್ರ 305 ಕ್ಯೂಬಿಕ್ ಇಂಚು ದಾಟಬಾರದು. ಅಂದರೆ ಐದು ಲೀಟರ್. ಏಳರ ಎದುರು ಐದು. ಬಂದ್ ಮಾಡಿದೆವು ಅಂತ ಯಾರೂ ಹೇಳಲಿಲ್ಲ, ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಒಬ್ಬ ಡಿಕ್ ಬ್ರೂಕ್ಸ್ ಮಾತ್ರ ಆ ಚಿಕ್ಕ ಇಂಜಿನ್ ಹಾಕಿಕೊಂಡೇ 1971ರ ಡೇಟೋನಾ 500ಕ್ಕೆ ರೆಕ್ಕೆಯ ಕಾರು ತಂದ. ಏಳನೆಯವನಾಗಿ ಮುಗಿಸಿದ. ನನ್ನ ಮಟ್ಟಿಗೆ ಬೇಕರ್‌ನ ಇನ್ನೂರು ಮೈಲಿಗಿಂತ ಈ ಏಳನೇ ಸ್ಥಾನ ದೊಡ್ಡದು.

ಮೂಗು, ರೆಕ್ಕೆ ಕಿತ್ತುಹಾಕಿದ ವಿಷಯ ಕೇಳಿ ಅಪ್ಪ "ಅಯ್ಯೋ ಪಾಪ" ಅಂದರು. ಈಗ ಅದೇ ಜಾತಿಯ ಹೆಮಿ ಇಂಜಿನ್ ಕಾರುಗಳಿಗೆ ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರ್ ಬರುತ್ತದೆ, ಹೆಮಿ ಇರೋ ಡೇಟೋನಾ ಹತ್ತು ಲಕ್ಷ ಡಾಲರನ್ನೂ ದಾಟಿದೆ ಅಂದೆ. ಈ ಅಜ್ಜನ ಕಾರಿನಲ್ಲಿದ್ದದ್ದು ಹೆಮಿಯಲ್ಲ, 440 ಅನ್ನೋ ಇನ್ನೊಂದು ಇಂಜಿನ್. ಹೆಮಿ ಇಂಜಿನ್ನಿನ ಸೂಪರ್‌ಬರ್ಡ್ ಮಾಡಿದ್ದೇ 135. ದುಡ್ಡಿನ ಮಾತು ಅಪ್ಪನ ಕಿವಿಗೆ ಬೀಳಲಿಲ್ಲ. ಅವರು ಬೇರೆಲ್ಲೋ ಇದ್ದರು.

"ನಾನೂ ಒಂದ್ಸಲ ಹೀಗೆ ಮಾಡಿದ್ದೆ" ಅಂದರು. "ಒಂದು ಅಂಬಾಸಿಡರ್. ಮದುವೆ ಗಾಡಿ. ಹಿಂದಿನ ದಿನ ಎಡಗಡೆ ಡೋರು ಗುದ್ದಿಸಿಕೊಂಡು ಬಂದರು. ರಾತ್ರಿಯೆಲ್ಲ ಕೂತೆ. ಪುಟ್ಟಿ ಒಣಗಲಿಲ್ಲ, ಮಳೆಗಾಲ. ಬೆಳಿಗ್ಗೆ ಮುಹೂರ್ತ. ಏನ್ಮಾಡೋದು? ಹೂವಿನ ಹಾರ ಒಂದು ಎಳೆ ಜಾಸ್ತಿ ತರಿಸಿ ಅದರ ಮೇಲೇ ಕಟ್ಟಿಸಿದೆ. ಯಾರಿಗೂ ಗೊತ್ತಾಗಲಿಲ್ಲ."

"ನನಗೂ ಹೇಳಿರಲಿಲ್ಲ" ಅಂದಳು ಅಮ್ಮ. ಮದುವೆಯಾಗಿ ನಲವತ್ತು ವರ್ಷದ ಮೇಲೆ ಒಂದು ಹೊಸ ವಿಷಯ ಸಿಕ್ಕ ದನಿ.

ಅಜ್ಜನಿಗೆ ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಎದ್ದು ಬಂದು ಡಿಕ್ಕಿ ತೆರೆದು ತೋರಿಸಿದರು. ಬಾಗಿಲು ರೆಕ್ಕೆಗೆ ತಾಗದೆ ಪೂರ್ತಿ ಮೇಲೆ ಹೋಯಿತು. ಒಳಗೆ ಐಸ್ ಡಬ್ಬ, ಇನ್ನೆರಡು ಮಡಚೋ ಕುರ್ಚಿ. ಒಂದು ಕುರ್ಚಿ ಬಿಡಿಸಿ ಅಪ್ಪನಿಗೆ ಹಾಕಿದರು. ಆಮೇಲೆ ಒಳಗೆ ಕೈ ಹಾಕಿ ಹಾರ್ನ್ ಒತ್ತಿದರು. ಇಷ್ಟು ದೊಡ್ಡ ಗಾಡಿಯಿಂದ ಬಂದದ್ದು ರೋಡ್ ರನ್ನರ್ ಅನ್ನೋ ಕಾರ್ಟೂನ್ ಹಕ್ಕಿಯ "ಬೀಪ್ ಬೀಪ್". ಆ ಹಕ್ಕಿಯ ಹೆಸರು, ಚಿತ್ರ, ಕೂಗು, ಎಲ್ಲವನ್ನೂ ಪ್ಲಿಮತ್ ದುಡ್ಡು ಕೊಟ್ಟು ಪಡೆದಿತ್ತು. ರೆಕ್ಕೆಯ ಕಂಬದ ಮೇಲೆ ಅದು ಹೆಲ್ಮೆಟ್ ಹಿಡಿದು ನಿಂತಿದೆ. ಅಮ್ಮ ಇನ್ನೊಂದು ಸಲ ಒತ್ತಿಸಿದಳು.

ಮನೆಗೆ ಬರುವಾಗ ಹೈವೇಯಲ್ಲಿ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ನಿದ್ದೆ ಬಂತೇನೋ ಅಂದುಕೊಂಡೆ.

"ಎಷ್ಟು ಕಾರು ಅಂದೆ?"

"ಸಾವಿರದ ಒಂಬೈನೂರು ಚಿಲ್ಲರೆ."

"ಆ ಗೆರೆ ಕಾಣದ ಹಾಗೆ ಮುಗಿಸೋಕೆ ನನಗಾದ್ರೆ ಕಾರಿಗೆ ಎರಡು ದಿನ."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಮೂರು ಸಾವಿರದ ಎಂಟುನೂರು ದಿನ. ಹತ್ತು ವರ್ಷ ಆಗ್ತಿತ್ತಪ್ಪ, ನೀವೊಬ್ಬರೇ ಆದ್ರೆ."

ಅಪ್ಪ ಕಿಟಕಿ ಆಚೆ ನೋಡುತ್ತಾ ಸ್ವಲ್ಪ ಯೋಚಿಸಿದರು.

"ಅಮಾವಾಸ್ಯೆ ರಜಾ ಬಿಟ್ಟು ಹೇಳಿದ್ಯೋ, ಸೇರಿಸಿ ಹೇಳಿದ್ಯೋ?"